ಎಡ ಮೂಲೆಯ ಜಾಗ

ಆ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಕ್ಯಾಂಟೀನಿನಲ್ಲಿ, ಅವನ ಫೋನಿನಲ್ಲಿ ಅವನದೇ ಹಳೆಯ ಆಟದ ಒಂದು ವಿಡಿಯೋ ನೋಡುತ್ತ ಕೂತಿದ್ದಾಗ. ಕತಾರಿನ ಮೆಸಯೀದ್‌ನಲ್ಲಿರುವ ನಮ್ಮ ಪ್ಲಾಂಟಿಗೆ ಸೇಫ್ಟಿ ತರಬೇತಿ ಕೊಡಲು ಹೊಸದಾಗಿ ಬಂದ ಅಮೆರಿಕದವನು. ಬಾಗಿಲಲ್ಲಿ ಬಂದು ನಿಂತರೆ ಒಳಗೆ ಬೆಳಕು ಕಡಿಮೆಯಾಗುತ್ತಿತ್ತು. ಇಲ್ಲಿಗೆ ಬರುವ ಮೊದಲು ಅವನು ಅಮೆರಿಕನ್ ಫುಟ್‌ಬಾಲ್ ಆಡಿಯೇ ಬದುಕಿದವನಂತೆ, ಅದೂ ಲೈನ್‌ಬ್ಯಾಕರ್ ಆಗಿ. ನಾನು ಪಂಪು, ಕಂಪ್ರೆಸರ್ ರಿಪೇರಿ ಮಾಡುವವನು. ನನಗೆ ಆ ಆಟದ ಗಂಧಗಾಳಿ ಇರಲಿಲ್ಲ. ಅವನು ಉಪ್ಪಿನ ಡಬ್ಬಿ, ಸಾಸ್ ಬಾಟಲಿ ಎಲ್ಲ ಸಾಲಾಗಿ ನಿಲ್ಲಿಸಿ ತಿಳಿಸಿ ಹೇಳಿದ. ಮುಂದಿನ ಸಾಲಿನಲ್ಲಿ ಗೋಡೆಯಂಥ ಜನ. ಅವರ ಬೆನ್ನ ಹಿಂದೆ ಲೈನ್‌ಬ್ಯಾಕರ್. ಚೆಂಡು ಹಿಡಿದು ನುಗ್ಗುವವನ ಮುಖ ನೋಡಬಾರದು, ಸೊಂಟ ಎತ್ತ ತಿರುಗುತ್ತದೆ ಎಂದು ನೋಡಬೇಕು. ನೋಡಿ, ಹಾರಿ, ಅವನನ್ನು ನೆಲಕ್ಕೆ ಕೆಡವಬೇಕು.

ನನಗೆ ಮೈಯೆಲ್ಲ ಉರಿಯಿತು. ಇದು ನನ್ನ ಕೆಲಸವಲ್ಲವೇ! ವಿಜಯಪುರದ ಕಡೆಯ ಮಣ್ಣಿನ ಅಂಕಣಗಳಲ್ಲಿ, ಮೀಸೆ ಮೂಡುವ ಮೊದಲಿನಿಂದ, ಕಬಡ್ಡಿ ತಂಡದ ಎಡ ಮೂಲೆಯಲ್ಲಿ ನಿಂತು ನಾನು ಮಾಡಿದ್ದೂ ಇದನ್ನೇ. ರೈಡರ್ ಒಳಗೆ ಬರುತ್ತಾನೆ, ನಾನು ಅವನ ಸೊಂಟ ನೋಡುತ್ತೇನೆ, ಅವನು ಬೋನಸ್ ಗೆರೆಗೆ ಕಾಲು ಚಾಚಿದನೋ, ಹಿಮ್ಮಡಿ ನನ್ನ ಕೈಯಲ್ಲಿ. ಅದೇ ಕೆಲಸಕ್ಕೆ ಅವನಿಗೆ ವಿಮಾನದಲ್ಲಿ ಸೀಟು, ಮೈ ಕೈ ತಿಕ್ಕಲು ಆಳು, ಬೆನ್ನ ಮೇಲೆ ಹೆಸರಿರುವ ಅಂಗಿ, ಸುತ್ತ ಅರಚುವ ಜನಸಾಗರ. ನನಗೆ ಬಹುಮಾನವೆಂದು ಒಂದು ಸ್ಟೀಲ್ ತಟ್ಟೆ, ಮೊಣಕಾಲಿಗೆ ಬಿಸಿ ಅರಿಸಿನ.

ಅವನ ಕಥೆಯೇನೂ ಹೂವಿನ ಹಾಸಿಗೆಯಲ್ಲ, ಅದನ್ನು ಒಪ್ಪುತ್ತೇನೆ. ಕಾಲೇಜು ಮುಗಿದಾಗ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ದಿನ ಅವನನ್ನು ಯಾರೂ ಕೇಳಲಿಲ್ಲವಂತೆ. ಕರೆಯದೇ ಹೋಗಿ ಕ್ಯಾಂಪಿನಲ್ಲಿ ನಿಂತ. ಇಡೀ ಒಂದು ವರ್ಷ ಅಭ್ಯಾಸದಲ್ಲಿ ಮಾತ್ರ ಆಡಿಸಿದರು. ದಿನವೂ ಹೊಡೆತ ತಿನ್ನುವುದು, ಪಂದ್ಯದ ದಿನ ಸುಮ್ಮನೆ ನಿಲ್ಲುವುದು. ಆಮೇಲೆ ಮೈದಾನಕ್ಕಿಳಿದ. ಎರಡು ತಂಡ, ಕೆಲವೇ ಸೀಸನ್ನು, ಒಂದು ಭುಜ. ಭುಜ ಹೋಯಿತು, ಆಟವೂ ಹೋಯಿತು. ತೆಗೆದುಹಾಕುವ ದಿನ ಯಾರೂ ಜಗಳ ಮಾಡುವುದಿಲ್ಲ, ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ, ಬಹಳ ಮೆತ್ತಗೆ ಹೆಸರು ಹಿಡಿದು ಕರೆಯುತ್ತಾನೆ ಎಂದ. "ಖಲಾಸ್," ಎಂದು ಕೈ ಒರೆಸಿಕೊಂಡ. ಕತಾರಿಗೆ ಬಂದು ತಿಂಗಳಾಗಿರಲಿಲ್ಲ, ಮುಗಿಯಿತು ಎನ್ನುವ ಆ ಅರಬ್ಬಿ ಮಾತು ಆಗಲೇ ಕಲಿತಿದ್ದ.

ನನಗೆ ಅದರ ಮೇಲೂ ಹೊಟ್ಟೆಕಿಚ್ಚು. ಅವನನ್ನು ತೆಗೆಯಲಾದರೂ ಒಬ್ಬ ಮನುಷ್ಯ ಬಂದ. ನಾನು ಮದುವೆಯಾದೆ, ವೀಸಾ ಬಂತು, ಹೊರಟುಬಂದೆ. ನನ್ನ ತಂಡದಲ್ಲಿ ನಾನಿಲ್ಲ ಎಂದು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತೋ.

ಸುಮ್ಮನಿದ್ದರೆ ಆಗುತ್ತಿತ್ತು. ತಡೆಯಲಾಗಲಿಲ್ಲ. ನಮ್ಮ ಕಡೆ ಇದನ್ನು ಹೆಲ್ಮೆಟ್ಟಿಲ್ಲದೆ ಆಡುತ್ತೇವೆ, ರೈಡರ್ ಆದವನು ಉಸಿರು ಕೂಡ ಎಳೆದುಕೊಳ್ಳುವಂತಿಲ್ಲ, ಶುಕ್ರವಾರ ಬಂದು ನೋಡು ಎಂದುಬಿಟ್ಟೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು ಹೀಗೆ.

ಮುಐದರ್ ಬಡಾವಣೆಯಲ್ಲಿ ನಮ್ಮ ಉತ್ತರ ಕರ್ನಾಟಕದ ಹುಡುಗರು ಸೇರಿ ಬಾಡಿಗೆಗೆ ಹಿಡಿದ ವಿಲ್ಲಾ ಒಂದಿದೆ. ಅದರ ಹಿಂದಿನ ಖಾಲಿ ಜಾಗದಲ್ಲಿ ಮ್ಯಾಟ್ ಹಾಸಿ ಚಳಿಗಾಲದ ಶುಕ್ರವಾರಗಳಲ್ಲಿ ನಾವು ಆಡುತ್ತೇವೆ. ವರ್ಷಕ್ಕೊಮ್ಮೆ ಇಲ್ಲಿನ ನಮ್ಮವರ ತಂಡಗಳದೊಂದು ಟೂರ್ನಮೆಂಟೂ ಇದೆ, ಅದರ ಕಪ್ ಪ್ರತಿ ಸಲ ಕರಾವಳಿಯವರದು. ಕ್ಯಾಪ್ಟನ್ ಗದಗಿನವನು, ಸ್ಕ್ಯಾಫೋಲ್ಡಿಂಗ್ ಸೂಪರ್‌ವೈಸರ್, ನನಗಿಂತ ಎಷ್ಟೋ ಚಿಕ್ಕವನು. ತಂಡ ಹುಟ್ಟಿದ ದಿನದಿಂದ ಎಡ ಮೂಲೆ ನನ್ನದು. ವಾರವಿಡೀ ಯಾರದೋ ಕಂಪ್ರೆಸರಿಗೆ ಕಿವಿಗೊಟ್ಟು ನಿಲ್ಲುವ ನಾನು, ಆ ಮೂಲೆಯಲ್ಲಿ ನಿಂತಾಗ ಮಾತ್ರ ನಾನಾಗಿರುತ್ತಿದ್ದೆ. ಆ ಜಾಗವನ್ನು ಹೆಂಡತಿಗೂ ಬಿಟ್ಟುಕೊಡುತ್ತಿರಲಿಲ್ಲ.

ಅಮೆರಿಕದವನು ಬಂದ. ನೋಡಲು ಬಂದವನು ಬೂಟು ಬಿಚ್ಚಿದ. ಹುಡುಗರು ಹೇಳಿಕೊಟ್ಟಂತೆ ಅಂಕಣ ಮುಟ್ಟಿ ಹಣೆಗೆ ಒತ್ತಿಕೊಂಡ. ನಮ್ಮ ರೈಡರ್ ಒಳಗೆ ಬಂದ ಕೂಡಲೇ ಸೊಂಟಕ್ಕೆ ಬಿದ್ದು ಅವನನ್ನು ಮೂಟೆಯಂತೆ ಎತ್ತಿ ಮಲಗಿಸಿದ. ಸುತ್ತ ಶಿಳ್ಳೆ. ಆದರೆ ಮಲಗಿಸಿದವನು ಕೈ ಬಿಟ್ಟು ಎದ್ದು ನಿಂತ! ರೈಡರ್ ಅಂಗಾತ ಬಿದ್ದಲ್ಲಿಂದಲೇ ಹೊರಳಿ ಕೈ ಚಾಚಿ ನಡುಗೆರೆ ಮುಟ್ಟಿದ. ಹಿಡಿದವನೇ ಔಟು.

ಅವನ ಆಟದಲ್ಲಿ, ಹಿಡಿತಕ್ಕೆ ಸಿಕ್ಕವನ ಮೊಣಕಾಲು ನೆಲಕ್ಕೆ ತಾಗಿದರೆ ಅಲ್ಲಿಗೆ ಮುಗಿಯಿತಂತೆ. ನಮ್ಮಲ್ಲಿ ನೆಲಕ್ಕೆ ಬಿದ್ದ ಮೇಲೆಯೇ ನಿಜವಾದ ಆಟ. ಸೀಟಿ ಊದುವವರೆಗೆ ಬಿದ್ದವನು ಬದುಕಿರುತ್ತಾನೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟೋ ದಿನಕ್ಕೆ ಹೊಟ್ಟೆ ತಣ್ಣಗಾಗಿತ್ತು.

ಕ್ಯಾಪ್ಟನ್ ನಗಲಿಲ್ಲ. ನನ್ನ ಹತ್ತಿರ ಬಂದು, "ಯಣ್ಣಾ, ಹಿಂಗ ಬಿಡೂದೊಂದು ಬಿಡಿಸಿದ್ರ ಇಂವ ಗೂಳಿ ಇದ್ದಂಗ. ಕರಾವಳಿಯವ್ರ ಕಡಿಂದ ಈ ಸಲ ಕಪ್ ಕಸಗೋಬಹುದು. ನೀವ ಕಲಸ್ರಿ," ಎಂದ.

ಅಂದರೆ ನನ್ನ ಜಾಗಕ್ಕೆ ಬರುವವನಿಗೆ ನಾನೇ ಪಾಠ ಹೇಳಬೇಕು. ಹೇಳಿದೆ. ಅವನು ಕೆಡವಿದಾಗಲೆಲ್ಲ ಪಕ್ಕದಲ್ಲಿ ನಿಂತು "ಬಿಡಬ್ಯಾಡ!" ಎಂದು ಅರಚಿದೆ. ಅವನಿಗೆ ಗೊತ್ತಾದ ಒಂದೇ ಕನ್ನಡ ಮಾತು ಅದು. ಆದರೂ ಕೈ ಬಿಡುತ್ತಿದ್ದ. ಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅಷ್ಟು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ ಎಂದು ನಾನು ಒಳಗೊಳಗೇ ನೆಮ್ಮದಿಯಾಗಿದ್ದೆ.

ಮನೆಯಲ್ಲಿ ಹೆಂಡತಿಗೆ ಬೇಸರ ಬಂದಿತ್ತು. "ಆ ಮನಷ್ಯಾ ಏನ್ ಮಾಡ್ಯಾನ್ರೀ ನಿಮಗ? ಊಟಕ್ಕ ಕುಂತ್ರೂ ಅವಂದ ಮಾತು, ಎದ್ರೂ ಅವಂದ ಮಾತು," ಎಂದಳು. ಮುಂದಿನ ಶುಕ್ರವಾರ ತಂಡಕ್ಕೆಂದು ಶೇಂಗಾ ಹೋಳಿಗೆ ಮಾಡಿ ತಂದವಳು ಅವನ ತಟ್ಟೆಗೇ ಮೊದಲು ಹಾಕಿದಳು, ಮೇಲೆ ತುಪ್ಪ. "ಪಾಪ, ಎಷ್ಟ ಛಂದ ತಿಂತಾನ ನೋಡ್ರಿ," ಎಂದು ನನಗೇ ತೋರಿಸಿದಳು. ನನ್ನ ಪಾಲಿಗೆ ಬಂದದ್ದು ಅಂಚು ಮುರಿದ ಹೋಳಿಗೆ.

ನನಗೆ ಉಳಿದಿದ್ದ ಒಂದೇ ಭರವಸೆ ತೂಕದ್ದು. ಕಬಡ್ಡಿಯಲ್ಲಿ ತೂಕಕ್ಕೊಂದು ಮಿತಿಯಿದೆ, ಅವನು ಅದನ್ನು ದಾಟಿ ಎಷ್ಟೋ ದೂರ ಹೋದವನು. ಇದನ್ನು ಬಹಳ ಕಾಳಜಿಯವನಂತೆ ಕ್ಯಾಪ್ಟನ್ ಮುಂದೆ ಎತ್ತಿದೆ. ಅವನು ನಕ್ಕುಬಿಟ್ಟ. "ಯಣ್ಣಾ, ಈ ಟೂರ್ನಮೆಂಟ್‌ನಾಗ ತೂಕ ಯಾರ್ ಕೇಳ್ತಾರ? ಹೊರಗಿನಾಂವ ಒಬ್ಬಾಂವ ಆಡಬಹುದು ಅಂತ ನಡಸಾವ್ರ ಹೇಳ್ಯಾರ," ಎಂದ. ಅಲ್ಲಿಗೆ ಅದೂ ಹೋಯಿತು.

ಫೈನಲ್ ಎಂದಿನಂತೆ ತುಳು ಮಾತಾಡುವ ಕರಾವಳಿಯವರೊಡನೆಯೇ ಬಿತ್ತು. ಮೊದಲರ್ಧ ಎಡ ಮೂಲೆಯಲ್ಲಿ ನಾನೇ ಇದ್ದೆ. ಅವರ ರೈಡರ್ ಒಬ್ಬ ಉದ್ದ ಕೈಯವನು, ಹಾವಿನಂತೆ ಹೊರಳುವವನು. ಅವನ ಹಿಮ್ಮಡಿ ಕೈಗೆ ಸಿಕ್ಕಿತು, ಜಾರಿತು. ಮತ್ತೆ ಸಿಕ್ಕಿತು, ಮತ್ತೆ ಜಾರಿತು. ಅವನ ಸೊಂಟ ತಿರುಗುವುದು ನನಗೆ ಮೊದಲಿನಂತೆಯೇ ಕಾಣುತ್ತಿತ್ತು, ಕೈ ಮಾತ್ರ ಒಂದು ಚೂರು ತಡವಾಗಿ ಹೋಗುತ್ತಿತ್ತು. ಎರಡನೇ ಅರ್ಧಕ್ಕೆ ಕ್ಯಾಪ್ಟನ್ ನನ್ನ ಮುಖ ನೋಡದೆ ಅಮೆರಿಕದವನನ್ನು "ಯಲ್ಲಾ" ಎಂದು ಒಳಗೆ ಕರೆದ.

ಬೆಂಚಿನ ಮೇಲೆ ಕೂತು ಹಲ್ಲು ಕಡಿದೆ. ಅವನು ಚೆನ್ನಾಗಿ ಆಡಿದ. ಆ ಆಟ ನೋಡಲು ನನ್ನ ಕಣ್ಣು ಇಷ್ಟಪಡುತ್ತಿತ್ತು, ಅದೇ ಸಂಕಟ. ಕೊನೆಯ ರೈಡ್ ಹೊತ್ತಿಗೆ ಎರಡೂ ತಂಡದ ಅಂಕ ಸಮವಾಗಿತ್ತು. ಉದ್ದ ಕೈಯವನು ಒಳಗೆ ಬಂದ. ಎಡ ಮೂಲೆಯತ್ತ ವಾಲಿದ. ಅಮೆರಿಕದವನು ಅವನ ಎರಡೂ ತೊಡೆಗೆ ಬಿದ್ದು ಕೆಡವಿದ. ರೈಡರ್‌ನ ಮೊಣಕಾಲು ಮ್ಯಾಟಿಗೆ ಬಡಿಯಿತು. ಅವನ ಕೈ ನಡುಗೆರೆಗೆ ಒಂದು ಗೇಣು ದೂರ. ನಾನು ನೋಡುತ್ತಿದ್ದಂತೆ ಅಮೆರಿಕದವನ ಬೆರಳು ಸಡಿಲಾಗತೊಡಗಿದವು.

ಬಿಡಲಿ ಎಂದಿತು ಮನಸ್ಸು. ಬಿಟ್ಟರೆ ಕಪ್ ಹೋಗುತ್ತದೆ, ಮೂಲೆ ನನಗೆ ಸಿಗುತ್ತದೆ.

"ಬಿಡಬ್ಯಾಡೋ!"

ಗಂಟಲು ಹರಿಯುವ ಹಾಗೆ ಕೂಗಿದವನು ನಾನೇ. ಬೆಂಚಿನಿಂದ ಎದ್ದು ಗೆರೆಯ ಅಂಚಿಗೆ ಯಾವಾಗ ಬಂದಿದ್ದೆನೋ ತಿಳಿಯದು. ಅವನ ಬೆರಳು ಮತ್ತೆ ಬಿಗಿದವು. ತೊಡೆಯನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿ ಬಿದ್ದುಕೊಂಡ. ಸೀಟಿ ಕೇಳಿಸಿತು.

ಹುಡುಗರು ಅವನನ್ನು ಎತ್ತಲು ಹೋಗಿ ಎತ್ತಲಾಗದೆ ಎಲ್ಲರೂ ಮ್ಯಾಟಿನ ಮೇಲೆ ಬಿದ್ದರು. ಅವನು ಎದ್ದವನೇ ಜನರನ್ನು ಸರಿಸಿಕೊಂಡು ನೇರ ನನ್ನ ಕಡೆ ಬಂದ. ಬೆವರಿನ ಮೈಯಿಂದಲೇ ತಬ್ಬಿಕೊಂಡು, "ಥ್ಯಾಂಕ್ಯೂ, ಕೋಚ್," ಎಂದ.

"ಹೌದಲ್ರೀ!" ಎಂದು ಕ್ಯಾಪ್ಟನ್ ಕುಣಿದ. "ಅಣ್ಣಾನ ನಮ್ಮ ಕೋಚ್!" ಎಲ್ಲರೂ ಚಪ್ಪಾಳೆ ಹೊಡೆದರು. ಹೆಂಡತಿಯೂ ಹೊಡೆದಳು. ಅವಳು ಆ ದಿನ ನನ್ನನ್ನು ನೋಡಿದ ರೀತಿ ಬಹಳ ವರ್ಷಕ್ಕೆ ನೋಡಿದ್ದು. ನಾನೂ ಹಲ್ಲು ಬಿಟ್ಟು ಫೋಟೋಕ್ಕೆ ನಿಂತೆ. ಫೋಟೋದಲ್ಲಿ ಕಪ್ ಹಿಡಿದವನು ಅವನು.

ಮುಂದಿನ ಶುಕ್ರವಾರ ಪ್ಯಾಂಟಿನ ಒಳಗೆ ಚಡ್ಡಿ ಹಾಕಿಕೊಂಡು, ಚೀಲದಲ್ಲಿ ಮೊಣಕಾಲಿನ ಪಟ್ಟಿ ಇಟ್ಟುಕೊಂಡು ಎಂದಿನಂತೆ ಹೋದೆ. ಬಿಸಿಲು ಹಿತವಾಗಿತ್ತು. ಮ್ಯಾಟ್ ಹಾಸಿಯಾಗಿತ್ತು. ಗೋಡೆಯ ಪಕ್ಕ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದೆ. ಕ್ಯಾಪ್ಟನ್ ಒಂದು ಕೈಯಲ್ಲಿ ಕುರ್ಚಿ, ಇನ್ನೊಂದು ಕೈಯಲ್ಲಿ ಕರಕ್ ಚಹಾ ಹಿಡಿದುಕೊಂಡು ಬಂದ.

"ಕೋಚ್," ಎಂದ, ಬಹಳ ಮೆತ್ತಗೆ. "ನೀವ್ಯಾಕ ಬೂಟ್ ಬಿಚ್ಚಾಕತ್ತೀರಿ? ಮ್ಯಾಲ ಕುಂದರ್ರಿ, ಚಾ ಆರತೈತಿ."

ಆಚೆ ಎಡ ಮೂಲೆಯಲ್ಲಿ ಅಮೆರಿಕದವನು ಅಂಕಣ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದ. ನನ್ನನ್ನು ಕಂಡು ಹೆಬ್ಬೆರಳೆತ್ತಿ, "ಬಿಡಬ್ಯಾಡ!" ಎಂದು ನಕ್ಕ. ತೆಗೆದುಹಾಕುವ ದಿನ ಬಾಗಿಲಿಗೆ ಬಂದು ನಿಲ್ಲುವ ಆ ಮನುಷ್ಯ ಚಹಾ ತರುತ್ತಾನೆಂದು ಅವನು ನನಗೆ ಹೇಳಿರಲಿಲ್ಲ. ನಾನು ಲೇಸು ಮತ್ತೆ ಕಟ್ಟಿಕೊಂಡು ಕುರ್ಚಿಯ ಮೇಲೆ ಕೂತೆ.