ಅಂಗೈ ಕಂಪ್ಯೂಟರಿನ ಗಿಣಿ ಅಂಚು

ಆ ಲಿನಕ್ಸ್ ಕಂಪ್ಯೂಟರು ನನ್ನ ಅಂಗೈಯಷ್ಟೇ ಇತ್ತು. ಕೀಲಿಗಳು ತೊಗರಿಬೇಳೆಯ ಗಾತ್ರ; ಹೆಬ್ಬೆರಳಲ್ಲೇ ಒತ್ತಬೇಕು. ಚಿತ್ರ ಬಿಡಿಸುವ ಮುಕ್ತ ತಂತ್ರಾಂಶವೊಂದನ್ನು ಅದರಲ್ಲಿ ಹಾಕಿಕೊಂಡು, ಮಗ್ಗಕ್ಕೆ ಬೇಕಾದ ಸೀರೆ ಅಂಚನ್ನು ಚೌಕ ಚೌಕವಾಗಿ ತುಂಬುತ್ತಿದ್ದೆ. ಆ ತಂತ್ರಾಂಶ ಬರೆದವರು ಯಾರೋ, ಬಳಸಿ, ಬಿಚ್ಚಿ ನೋಡಿ, ಬೇಕಾದವರಿಗೆ ಕೊಡಿ ಎಂದು ಬಿಟ್ಟುಕೊಟ್ಟಿದ್ದರು. ಆ ಮಾತು ನನಗೆ ಹಿಡಿಸಿತ್ತು. ಎದುರುಮನೆಯ ನೇಕಾರ ಹೆಂಗಸು ಕೇಳಿದಾಗ ನನ್ನ ಗಿಣಿ ಅಂಚನ್ನು ಅವಳ ಫೋನಿಗೆ ಕಳಿಸಿದೆ.

ಕೊಳ್ಳೇಗಾಲದ ನಮ್ಮ ಮನೆಯಿಂದ ಅಂಚು ಹೊರಗೆ ಹೋಗುವಂತಿರಲಿಲ್ಲ. ಮಗ್ಗದಲ್ಲಿ ಅಂಚಿನ ಚಿತ್ರ ಮೂಡಿಸುವ, ತೂತು ಹೊಡೆದ ರಟ್ಟುಗಳು ಹಳತಾದರೆ ಭಾವ, ಅಂದರೆ ನನ್ನ ಗಂಡನ ಅಣ್ಣ, ಬಣ್ಣ ಕಾಯಿಸುವ ಒಲೆಗೆ ಹಾಕುತ್ತಿದ್ದರು. ಆ ರಟ್ಟು ಸುಟ್ಟರೆ ಇನ್ನೊಬ್ಬರು ಅದನ್ನು ನೇಯಲಾರರು.

ಒಂದು ಬೆಳಿಗ್ಗೆ ಎದುರುಮನೆಯವಳ ಮಗ್ಗದಲ್ಲಿ ಗಿಣಿಗಳನ್ನು ಕಂಡು ಬಂದ ಭಾವ ಬಾಗಿಲು ಒದ್ದರು.

“ಮನೆ ಅಂಚ ಬೀದಿಗೆ ಕೊಟ್ಬುಟ್ಯಲ್ಲಮ್ಮಿ! ಕಾನ್ವೆಂಟಲ್ಲಿ ಇದ್ನೇಯಾ ಕಲ್ಸುದ್ದು?”

“ಅದು ನಾನೇ ಬರೆದದ್ದು, ಭಾವ.”

“ತತ್ತಾ ಇಲ್ಲಿ ಅದ!”

ಕಂಪ್ಯೂಟರನ್ನು ಕೊಡಲಿಲ್ಲ. ಸೌದೆ ತೆಗೆದು, ಅದನ್ನು ಹಿಡಿದಿದ್ದ ನನ್ನ ಕೈಮೇಲೇ ಹೊಡೆದರು. ತೋರುಬೆರಳ ಗೆಣ್ಣು ಟಕ್ಕೆಂದದ್ದು ಕೇಳಿಸಿತು. ಎರಡನೇ ಏಟಿಗೆ ಉಗುರು ಎದ್ದಿತು. ಜಡೆ ಹಿಡಿದು ಗೋಡೆಗೆ ಬಡಿದಾಗ ಬಾಯಲ್ಲಿ ಸುಣ್ಣದ ರುಚಿ.

“ಬುಡ್ಲಾ, ಸತ್ತೋಯ್ತಾಳೆ!” ಎಂದು ಅತ್ತೆ ಕೂಗಿದರು.

ಕಂಪ್ಯೂಟರು ಒಲೆಗೆ ಬಿತ್ತು. ಪ್ಲಾಸ್ಟಿಕ್ಕು ಗುಳ್ಳೆ ಎದ್ದು, ಕೀಲಿಗಳು ಒಂದೊಂದಾಗಿ ಸಿಡಿದವು.

“ಮುಗೀತು ಅದ್ರ ಕತೆ” ಎಂದು ಭಾವ ಬೆವರೊರೆಸಿಕೊಂಡರು.

ಸುಮ್ಮನಿರಬೇಕಿತ್ತು. ಸುಳ್ಳು ಕೇಳಿ ಸುಮ್ಮನೆ ಬಿಡುವ ಅಭ್ಯಾಸ ನನಗಿಲ್ಲ. “ಅಂಚು ಅವಳ ಫೋನಿನಲ್ಲಿ ಇನ್ನೂ ಹಾಗೇ ಇದೆ, ಭಾವ. ಸುಟ್ಟರೆ ಹೋಗುವಂಥದ್ದಲ್ಲ ಅದು.”

ಅವರು ಒಲೆ ಪಕ್ಕದ ಮಚ್ಚು ತೆಗೆದುಕೊಂಡರು. “ಅಂಗಾರೆ ಅವ್ಳ ಮಗ್ಗದ ನೂಲ್ನೆಲ್ಲಾ ಕುಯ್ದಾಕ್ತೀನಿ. ಅಡ್ಡ ಬಂದ್ರೆ ಅವ್ಳ್ನೂವೆ!”

ಎದುರುಮನೆಯಲ್ಲಿ ಅವಳು ಮಗ್ಗದ ಮುಂದೆಯೇ ಕುಳಿತಿದ್ದಳು. ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು. ನನ್ನ ಎಡಗೈಗೆ ನಮ್ಮ ಮಗ್ಗದ ನೂಲು ಓಡಿಸುವ ಲಾಳಿ ಸಿಕ್ಕಿತು. ಅದರ ಎರಡು ತುದಿಗೂ ಕಬ್ಬಿಣದ ಮೊನೆ. ಮಚ್ಚು ಹಿಡಿದ ಮುಂಗೈಗೆ ಚುಚ್ಚಿದೆ. ಮೊದಲು ಮೆತ್ತಗೆ ಇಳಿಯಿತು, ಆಮೇಲೆ ಮೂಳೆಗೆ ತಾಗಿ ನಿಂತಿತು.

“ಅಯ್ಯೋ, ಕ್ಷಮಿಸಿ ಭಾವ” ಎಂದೆ. ಎಂದು, ಇನ್ನೊಮ್ಮೆ ಒತ್ತಿದೆ.

ಮಚ್ಚು ಬಿತ್ತು. ಅವರು ಹೊಸ್ತಿಲ ಮೇಲೆ ಕುಸಿದರು. ಲಾಳಿಯ ಹಸಿರು ಎಳೆ ಅವರ ತೋಳಿನಿಂದ ನನ್ನ ಬಳೆಯವರೆಗೆ ಬಿಗಿದು ನಿಂತಿತ್ತು. ಅತ್ತೆ ಅದನ್ನು ಹಲ್ಲಿನಿಂದ ಕಡಿದು, ಮಚ್ಚನ್ನು ಕಾಲಿನಿಂದ ಮಂಚದಡಿಗೆ ತಳ್ಳಿದರು.

“ನಡೀರಿ ಇಬ್ರೂವೆ ಆಸ್ಪತ್ರೆಗೆ,” ಎಂದರು. “ಬ್ಯಾರೆ ಬ್ಯಾರೆ ಆಟೋಲಿ.”