ಕುಪ್ಪೇಲೂರಿನ ತಗಡಿನ ಗೋಡೆ

೧೯೮೮ರಲ್ಲಿ ನಾನು ರಾಣೇಬೆನ್ನೂರಿನಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿ. ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಎರಡನೇ ವರ್ಷ. ಕುಪ್ಪೇಲೂರಿನಲ್ಲಿ ನಲವತ್ತು ಕಸಿ ಮಾವಿನ ಸಸಿಗಳ ಡೆಮಾನ್‌ಸ್ಟ್ರೇಷನ್ ಪ್ಲಾಟ್, ಅಂದರೆ ರೈತರು ನೋಡಿ ಕಲಿಯಲೆಂದು ಬೆಳೆಸುವ ತೋಟ, ನನ್ನ ಹೊಣೆಯಾಗಿತ್ತು.

ಬದುವಿನ ಆಚೆ ಗಂಗವ್ವನ ಹೊಲ. ಅಕ್ಷರ ಬಾರದ, ಐವತ್ತು ದಾಟಿದ ಹೆಂಗಸು. ಅದೇ ನರ್ಸರಿಯ ಸಸಿಗಳನ್ನು ಅದೇ ವಾರ ನೆಟ್ಟಿದ್ದಳು. ಪ್ರತಿ ಸಸಿಯ ಸುತ್ತ ಕಣಿಕಿ, ಅಂದರೆ ಜೋಳದ ಒಣ ದಂಟು, ಗುಡಿಸಲಿನಂತೆ ನಿಲ್ಲಿಸಿ ಕಟ್ಟಿದ್ದಳು. ಎಳೆಬಿಸಿಲಿಗೆಂದು ಮೂಡಣ ಬದಿ ಮಾತ್ರ ತೆರೆದಿತ್ತು. ಮಾರ್ಚ್ ಹೊತ್ತಿಗೆ ಬಿಸಿಲು, ಬಿಸಿಗಾಳಿಗೆ ನನ್ನ ಹನ್ನೊಂದು ಸಸಿ ಸುಟ್ಟುಹೋಗಿದ್ದವು. ಆಕೆಯದು ಒಂದೂ ಹೋಗಿರಲಿಲ್ಲ. ತಪಾಸಣೆಗೆ ಬಂದ ಮೇಲಧಿಕಾರಿ ನನ್ನ ಪ್ಲಾಟಿನಲ್ಲಿ ಎರಡು ನಿಮಿಷ ನಿಂತು, ಆಕೆಯ ಹೊಲದಲ್ಲಿ ಒಂದು ತಾಸು ಕಳೆದರು. ಅವತ್ತು ಆಕೆ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಬದುವಿನ ಮೇಲಿಟ್ಟು ಬಂದೆ. ಆಮೇಲೆ ದಿನವೂ ಬದುವಿನ ಮೇಲೆ ನಿಂತು ಆಕೆಯ ಗಿಡಗಳ ಚಿಗುರು ನೋಡುತ್ತಿದ್ದೆ, ಒಂದಾದರೂ ಬಾಡಲಿ ಎಂದು.

ಕಣಿಕಿ ಕಟ್ಟಿದರೆ ಆಕೆಯಿಂದ ಕಲಿತಂತಾಗುತ್ತಿತ್ತು, ಅದು ನನಗೆ ಬೇಡವಾಗಿತ್ತು. ಬ್ಯಾಡಗಿಯ ಗುಜರಿ ಅಂಗಡಿಯಿಂದ ಹಳೆ ತಗಡು ತರಿಸಿ, ಇಳಿಬಿಸಿಲು, ಬಿಸಿಗಾಳಿ ತಡೆಯಲೆಂದು ಉಳಿದ ಪ್ರತಿ ಸಸಿಯ ಪಡುವಣಕ್ಕೆ ಎರಡು ಗೂಟದ ನಡುವೆ ಮೊಳೆ ಹೊಡೆಸಿ ನಿಲ್ಲಿಸಿದೆ.

ಗಂಗವ್ವ ಬಂದು ನೋಡಿದಳು. “ಸಾಹೇಬ್ರ, ಗಾಳಿ ಹಾಯಾಕ ಸಂದಿ ಬಿಡ್ರಿ. ಕಣಿಕ್ಯಾಗ ಸೋಸಿ ಹೊಕ್ಕೈತಿ, ತಗಡಿಗೆ ಬಂದು ಗುದ್ದತೈತಿ.”

“ಇದನ್ನೆಲ್ಲ ಕಾಲೇಜಿನ್ಯಾಗ ಓದೇನಿ, ಯವ್ವಾ.”

“ನೀವು ಓದೀರಿ. ಗಾಳಿ ಓದಿಲ್ಲಲ್ರಿ!”

ಮೊಳೆ ಹೊಡೆಯುತ್ತಿದ್ದ ಆಳುಗಳು ನಕ್ಕರು. ಗಾಳಿಯನ್ನು ಪೂರ್ತಿ ತಡೆಯಬಾರದು, ಸೋಸಬೇಕು ಎಂಬುದು ನನ್ನ ಪಠ್ಯದಲ್ಲೂ ಇತ್ತು. ಆ ನಗುವಿನ ಸಿಟ್ಟಿಗೇ ತಗಡು ತೆಗೆಸಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ. ದಿನವೂ ಊಟಕ್ಕೆ ಊರೊಳಗೆ ಹೋಗುತ್ತಿದ್ದವನು ಅಂದು ಬೇವಿನ ಮರದ ಕೆಳಗೇ ಬುತ್ತಿ ಬಿಚ್ಚಿದ್ದೆ. ಗಂಗವ್ವ ತಲೆಯ ಮೇಲೆ ಕಣಿಕಿ ಹೊರೆ ಹೊತ್ತು ಬದು ದಾಟಿ ನನ್ನ ಪ್ಲಾಟಿಗೆ ಬಂದಳು. ಇಲ್ಲಿ ಇವಳಿಗೇನು ಕೆಲಸ ಎಂದು ಮೈ ಉರಿಯಿತು. ಅಷ್ಟರಲ್ಲಿ ಪಡುವಣ ಗಾಳಿ ಎದ್ದಿತು. ಮೊಳೆ ಕಿತ್ತ ಸದ್ದು. ಒಂದು ತಗಡು ಮೇಲೆದ್ದು ಅಡ್ಡಡ್ಡ ಹಾರಿತು. ಬುತ್ತಿ ಬಿಟ್ಟು ಎದ್ದೆ. ತಗಡು ಹೊರೆಗೆ ಕಚ್ಚಿಕೊಂಡಿತು, ಕಟ್ಟು ಹರಿದು ದಂಟು ಚೆಲ್ಲಿದವು, ಗಂಗವ್ವ ಕುಸಿದಳು. ತಗಡು ಬಡಿದ ಜಾಗದಿಂದ ಒಂದು ಗೇಣು ಕೆಳಗೆ ಆಕೆಯ ಕುತ್ತಿಗೆಯಿತ್ತು.

ಓಡಿದೆ. ಆಕೆ ತಲೆ ಮುಟ್ಟಿ ನೋಡಿಕೊಂಡು, “ಐತ್ರಿ,” ಅಂದಳು.

“ಇಲ್ಲಿಗ್ಯಾಕ ಬಂದಿ, ಯವ್ವಾ?”

“ತಗಡು ಕಾದು ನಿಮ್ಮ ಸಸಿ ಎಲಿ ಸುಡಾಕತ್ತಿದ್ವು. ಹೇಳಿದ್ರ ನೀವು ಕೇಳೂದಿಲ್ಲ. ಊಟಕ್ಕ ಹ್ವಾದಾಗ ಕಟ್ಟಿ ಹೋದ್ರಾತು ಅಂತ ಬಂದೆ.”

ಅಂದೇ ತಗಡು ಕೀಳಿಸಿ, ಆಕೆ ಹೇಳಿದಂತೆ ಕಣಿಕಿ ಕಟ್ಟಿದೆ. ಇಪ್ಪತ್ತೊಂಬತ್ತೂ ಉಳಿದವು. ತಗಡು ಬಡಿದುಕೊಳ್ಳುವ ಸದ್ದು ಕೇಳಿದರೆ ಇಂದಿಗೂ ನನ್ನ ಕೈ ಕುತ್ತಿಗೆಗೆ ಹೋಗುತ್ತದೆ. ಪಕ್ಕದವರ ಗಿಡ ಚೆನ್ನಾಗಿದ್ದರೆ ಬದು ದಾಟಿ ಹೋಗಿ ಕೇಳಿ ಎಂದು ನಿವೃತ್ತನಾಗುವವರೆಗೂ ಕಿರಿಯ ಅಧಿಕಾರಿಗಳಿಗೆ ಹೇಳುತ್ತಿದ್ದೆ. ಕುಪ್ಪೇಲೂರಿನಲ್ಲಿ ಮೊದಲು ಬದು ದಾಟಿದ್ದು ನಾನಲ್ಲ ಎಂಬುದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿರಲಿಲ್ಲ.