ಬಗ್ಗಿಸಿದರೆ ಮಾತ್ರ ಬರುವ ಸದ್ದು

ಮನುಷ್ಯನಿಗೆ ಕಿವಿಗಳನ್ನು ಕೊಟ್ಟಿರುವುದು ಸತ್ಯವನ್ನು ಆಲಿಸುವುದಕ್ಕಾಗಿ ಎಂದು ಬಲ್ಲವರು ಹೇಳುತ್ತಾರೆ. ನನ್ನವು ಮಾತ್ರ ತಮ್ಮ ಆಯುಷ್ಯದ ಬಹುಭಾಗವನ್ನು ಟೇಬಲ್ ಫ್ಯಾನುಗಳನ್ನು ಆಲಿಸುವುದರಲ್ಲಿ ಕಳೆದಿವೆ.

ಈ ಮಾತು ಈಗೇಕೆಂದರೆ, ನಮ್ಮ ನಡುಮನೆಯ ಫ್ಯಾನು ಒಂದು ವಾರದಿಂದ ಟಿಕ್ ಟಿಕ್ ಎನ್ನುತ್ತಿದೆ. ಸದಾಕಾಲವೂ ಅಲ್ಲ, ಅದಕ್ಕೆ ಮನಸ್ಸು ಬಂದಾಗ. ನನ್ನ ಮಡದಿಯನ್ನು ಕರೆದು ಸಾಕ್ಷಿಗೆ ನಿಲ್ಲಿಸಿದರೆ, ಅದು ಸಭ್ಯಸ್ಥರ ಮನೆಯ ಮಗುವಿನಂತೆ ಮೌನವಾಗಿಬಿಡುತ್ತದೆ. "ನಂಗೇನೂ ಕೇಳಿಸ್ತಿಲ್ಲಪ್ಪ. ನೀವು ರಿಟೈರ್ ಆದ್ರಿ, ನಿಮ್ಮ ಕಿವಿ ಇನ್ನೂ ಡ್ಯೂಟಿಯಿಂದ ಇಳಿದಿಲ್ಲ" ಎಂದು ಆಕೆ ಒಳಗೆ ಹೋಗುತ್ತಾಳೆ. ಆಕೆ ಹೋದ ಮೇಲೆ ಫ್ಯಾನು ಮತ್ತೆ ಮಾತಾಡುತ್ತದೆ. ಓದುಗ ಮಹಾಶಯರೇ, ನೀವು ಹಳೆಯ ಸ್ನೇಹಿತರೆಂದು ಹೇಳುತ್ತಿದ್ದೇನೆ: ಇಂಥ ಅವಮಾನ ನನಗೆ ಹೊಸದಲ್ಲ. ಇದರ ಮೊದಲನೆಯ ಆವೃತ್ತಿ ಐವತ್ತರ ದಶಕದಲ್ಲಿ, ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಶೀಟಿನ ಸೂರಿನ ಕೆಳಗೆ ನಡೆಯಿತು.

ಆಗ ಬಡಾವಣೆ ಎಂಬುದು ನಕ್ಷೆಯಲ್ಲಿ ಇದ್ದಷ್ಟು ನೆಲದ ಮೇಲೆ ಇರಲಿಲ್ಲ. ಕಾರ್ಖಾನೆಯ ಒಂದು ಕಿಟಕಿಯಿಂದ ನೋಡಿದರೆ ಭಾರತದ ಔದ್ಯಮಿಕ ಭವಿಷ್ಯವೂ, ಇನ್ನೊಂದರಿಂದ ನೋಡಿದರೆ ಯಾರದೋ ರಾಗಿ ಹೊಲವೂ ಕಾಣುತ್ತಿದ್ದವು. ನಾವು ಟೇಬಲ್ ಫ್ಯಾನು ತಯಾರಿಸುತ್ತಿದ್ದೆವು. 'ನಾವು' ಎಂಬುದು ಸೌಜನ್ಯದ ಮಾತು. ತಯಾರಿಸುತ್ತಿದ್ದವರು ಜೋಡಣಾ ವಿಭಾಗದವರು. ನಾನು ಪರೀಕ್ಷಕ, ಅಂದರೆ ಅವರು ಬೆವರು ಸುರಿಸಿ ಮಾಡಿದ್ದನ್ನು ನೆರಳಲ್ಲಿ ಕುಳಿತು ಸರಿಯಿಲ್ಲ ಎನ್ನುವುದಕ್ಕೆ ಸಂಬಳ ಪಡೆಯುವವನು. ಊಟದ ಹೊತ್ತಿನಲ್ಲಿ ನನ್ನ ಪಕ್ಕದ ಜಾಗ ಯಾಕೆ ಯಾವಾಗಲೂ ಖಾಲಿ ಇರುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಕ್ರಮ ಸರಳವಾಗಿತ್ತು. ಜೋಡಿಸಿದ ಫ್ಯಾನು ನನ್ನ ಕೋಣೆಗೆ ಬರುತ್ತಿತ್ತು. ದೋಷವಿದ್ದರೆ ಅದರ ಕೊರಳಿಗೆ ಕೆಂಪು ಚೀಟಿ ಕಟ್ಟಿ, ದೋಷವೇನೆಂದು ಬರೆದು ವಾಪಸು ಕಳಿಸುತ್ತಿದ್ದೆ. ಅವರು ಸರಿಪಡಿಸಿ ಮತ್ತೆ ಕಳಿಸುತ್ತಿದ್ದರು. ನಾನು ಮತ್ತೆ ಪರೀಕ್ಷಿಸುತ್ತಿದ್ದೆ. ಬಿಚ್ಚುವ ಅಧಿಕಾರ ನನಗಿರಲಿಲ್ಲ. ವೈದ್ಯರಲ್ಲಿ ಸ್ಟೆತಾಸ್ಕೋಪು ಮಾತ್ರ ಇದ್ದು ಕತ್ತರಿ ಇಲ್ಲದವರು ಹೇಗೋ, ನಾನು ಹಾಗೆ.

ಜೋಡಣಾ ವಿಭಾಗದ ಫೋರ್‌ಮನ್ ಗುರುಸಿದ್ದಪ್ಪನವರು ದಾವಣಗೆರೆ ಕಡೆಯವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು, ತಮ್ಮ ಕೆಲಸದ ಮೇಲೆ ಅಪಾರ ಅಭಿಮಾನ. ದೇವರಿಗೆ ಮಂಗಳಾರತಿಯಾಗದೆ ಒಂದು ಫ್ಯಾನೂ ತಮ್ಮ ವಿಭಾಗದಿಂದ ಹೊರಡುವುದಿಲ್ಲ ಎಂಬುದು ಅವರ ಹೆಮ್ಮೆ. ನನ್ನ ಕೆಂಪು ಚೀಟಿಯನ್ನು ಅವರು ದೋಷದ ವರದಿ ಎಂದು ಓದುತ್ತಿರಲಿಲ್ಲ. ತಮ್ಮ ಮೇಲೆ ಹೂಡಿದ ಮೊಕದ್ದಮೆ ಎಂದು ಓದುತ್ತಿದ್ದರು.

ಒಂದು ದಿನ ಒಂದು ಹಸಿರು ಬಣ್ಣದ ಫ್ಯಾನು ನನ್ನ ಮೇಜಿನ ಮೇಲೆ ಟಿಕ್ ಟಿಕ್ ಎಂದಿತು. 'ಟಿಕ್ ಟಿಕ್ ಸದ್ದು' ಎಂದು ಬರೆದು ಚೀಟಿ ಕಟ್ಟಿದೆ. ಸಂಜೆಯೊಳಗೆ ಅದು ವಾಪಸು ಬಂತು, ಚೀಟಿಯ ಹಿಂದೆ 'ಸದ್ದಿಲ್ಲ' ಎಂಬ ಷರಾ ಹೊತ್ತು. ಚಾಲೂ ಮಾಡಿದೆ: ಟಿಕ್ ಟಿಕ್. ಮತ್ತೆ ಕಳಿಸಿದೆ. ಮತ್ತೆ 'ಸದ್ದಿಲ್ಲ'. ಮೂರನೆಯ ಸಲ ಗುರುಸಿದ್ದಪ್ಪನವರು ನನ್ನನ್ನೇ ಕರೆಸಿ, ಫ್ಯಾನನ್ನು ತಮ್ಮ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಹಾಕಿದರು. ಗಾಳಿ ಬಂತು, ಸದ್ದು ಬರಲಿಲ್ಲ.

"ಎಲ್ಲೈತಿ ತಮ್ಮಾ ನಿನ್ ಟಿಕ್ ಟಿಕ್?" ಎಂದರು.

"ನನ್ನ ರೂಮಲ್ಲಿ ಬರತ್ತೆ ಸಾರ್."

ಈ ವಾಕ್ಯ ಎಷ್ಟು ದುರ್ಬಲವೆಂದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು. ಕಾಮಾಕ್ಷಿಪಾಳ್ಯದಿಂದ ನಡೆದು ಬರುತ್ತಿದ್ದ ಫಿಟ್ಟರ್ ಕೆಂಪಣ್ಣ ಸ್ಪ್ಯಾನರು ಒರೆಸುತ್ತ, "ಅವರ ರೂಮಲ್ಲಿ ಹಲ್ಲಿ ಐತೆ ಬುದ್ದಿ, ಲೊಚಗುಟ್ತದೆ. ಪಾಪ, ಹಲ್ಲಿಗೂ ಒಂದು ಕೆಂಪು ಚೀಟಿ ಕಟ್ಟಿಬಿಡ್ಲಿ" ಎಂದ. ಇಡೀ ವಿಭಾಗ ನಕ್ಕಿತು. ನನ್ನ ಕೋಣೆಯಲ್ಲಿ ಹಲ್ಲಿ ಇದ್ದದ್ದು ನಿಜವಾದ್ದರಿಂದ ಫ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು ವಾಪಸು ಬಂದೆ.

ವಿಷಯ ಮ್ಯಾನೇಜರ ಬಳಿಗೆ ಹೋಯಿತು. ಅವರು ಮಿತಭಾಷಿ, ಜೇಬಿನಿಂದ ಗಡಿಯಾರದ ಸರಪಣಿ ಇಳಿಬಿಟ್ಟ ಮನುಷ್ಯ. ನನ್ನ ಪ್ರೊಬೇಷನ್ ಮುಗಿಯುವುದರಲ್ಲಿತ್ತು. ಕೆಲಸ ಕಾಯಂ ಮಾಡುವ ಕಾಗದಕ್ಕೆ ರುಜು ಹಾಕಬೇಕಾದವರೂ ಅವರೇ. "ಶನಿವಾರ ಬೆಳಿಗ್ಗೆ ಎಲ್ಲರೂ ಸೇರಿ ಕೇಳೋಣ. ಆಮೇಲೆ ಆ ಫ್ಯಾನು, ಇಲ್ಲಾ ನಿಮ್ಮ ಕಿವಿ, ಎರಡರಲ್ಲಿ ಒಂದು ಈ ಕಾರ್ಖಾನೆ ಬಿಡುತ್ತೆ" ಎಂದರು. ಕಿವಿ ಹೋದರೆ ಅದರ ಜೊತೆ ಉಳಿದ ದೇಹವೂ ಹೋಗಬೇಕಾಗುತ್ತದೆಂದು ಅವರು ಬಿಡಿಸಿ ಹೇಳಲಿಲ್ಲ. ಅತ್ತ ನಮ್ಮ ತಂದೆಯವರು, ಮಗನ ಕೆಲಸ ಕಾಯಂ ಆಯಿತೆಂದು ಹೆಣ್ಣಿನ ಕಡೆಯವರಿಗೆ ಆಗಲೇ ಹೇಳಿಬಿಟ್ಟಿದ್ದರು. ನಮ್ಮ ತಂದೆಯವರಿಗೆ ಭವಿಷ್ಯತ್ಕಾಲದಲ್ಲಿ ನಂಬಿಕೆ ಇರಲಿಲ್ಲ. ಎಲ್ಲವನ್ನೂ ಭೂತಕಾಲದಲ್ಲಿಯೇ ಹೇಳುತ್ತಿದ್ದರು.

ಶನಿವಾರಕ್ಕೆ ಮುಂಚೆ, ಪಂಚಾಂಗದ ನಿಯಮದಂತೆ, ಶುಕ್ರವಾರ ಬಂತು. ಶುಕ್ರವಾರ ಮಧ್ಯಾಹ್ನ ಜೋಡಣಾ ವಿಭಾಗದಲ್ಲಿ ಪೂಜೆ. ಆ ವಾರ ತಯಾರಾದ ಫ್ಯಾನುಗಳನ್ನೆಲ್ಲ ಉದ್ದ ಮೇಜಿನ ಮೇಲೆ ಸಾಲಾಗಿ, ಗೋಡೆಯ ಮೇಲಿನ ದೇವರ ಪಟಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಫ್ಯಾನಾದರೇನು, ದೇವರಿಗೆ ಬೆನ್ನು ತೋರಿಸಬಾರದೆಂಬುದು ಗುರುಸಿದ್ದಪ್ಪನವರ ಕಟ್ಟಳೆ. ಅವರು ಮಂಗಳಾರತಿ ಎತ್ತುತ್ತಿದ್ದರು. ಮೊದಲ ಅಕ್ಷತೆ ಮ್ಯಾನೇಜರದು, ಆಮೇಲೆ ಫ್ಯಾನುಗಳ ಹಿಂದೆ ನಿಂತ ನಾವೆಲ್ಲರೂ ಪಟದ ಕಡೆಗೆ ಎರಚುತ್ತಿದ್ದೆವು. ಕೋಸಂಬರಿ ಸಿಗುತ್ತಿದ್ದುದರಿಂದ ಪರೀಕ್ಷಕನಿಗೂ ಆ ದಿನ ಪ್ರವೇಶವಿತ್ತು.

ಆ ಶುಕ್ರವಾರ ನನ್ನ ಭಕ್ತಿ ಎಂದಿಗಿಂತ ಹೆಚ್ಚಾಗಿತ್ತು. ಭಕ್ತಿ ಹೆಚ್ಚಾದಾಗ ಹಿಡಿ ದೊಡ್ಡದಾಗುವುದು ಸಹಜ. ನನ್ನ ಅಕ್ಷತೆ ಪಟದವರೆಗೆ ಹೋಗದೆ ಎದುರಿನ ಫ್ಯಾನುಗಳ ಬೆನ್ನ ಮೇಲೆಯೇ ಉದುರಿತು. ಮೋಟಾರಿನ ಹಿಂಬದಿಯ ಮುಚ್ಚಳದಲ್ಲಿ, ಒಳಗೆ ಕಾವು ಕಟ್ಟದಿರಲೆಂದು ಬಿಟ್ಟ ಸೀಳುಗಳಿರುತ್ತವೆ. ನಾನು ನೋಡುತ್ತಿದ್ದಂತೆ ಒಂದು ಹಳದಿ ಕಾಳು ಮುಚ್ಚಳದ ಮೇಲೆ ಪುಟಿದು, ಸೀಳಿನ ಅಂಚಿನಲ್ಲಿ ಒಂದು ಕ್ಷಣ ತಡೆದು, ಗೂಡಿಗೆ ಮರಳುವ ಜೇನಿನಷ್ಟು ನಿರಾಯಾಸವಾಗಿ ಒಳಗೆ ಹೋಯಿತು. ಕೋಸಂಬರಿಗೆ ನಿಲ್ಲದೆ ನನ್ನ ಕೋಣೆಗೆ ನಡೆದೆ.

ಹಿಂದೊಂದು ಶುಕ್ರವಾರ ಅದೇ ಸಾಲಿನಲ್ಲಿ ನಿಂತಿದ್ದ ಹಸಿರು ಫ್ಯಾನನ್ನು ಗುರುಸಿದ್ದಪ್ಪನವರಂತೆ ನೆಟ್ಟಗೆ ನಿಲ್ಲಿಸಿ ಹಾಕಿದೆ: ಸದ್ದಿಲ್ಲ. ನನ್ನ ಪದ್ಧತಿಯಂತೆ ತಲೆ ಬಗ್ಗಿಸಿ ಹಾಕಿದೆ: ಟಿಕ್ ಟಿಕ್.

ಬಗ್ಗಿಸುವ ಪದ್ಧತಿ ನಮ್ಮ ತಾಯಿಯಿಂದ ಬಂದದ್ದು. ನಾನು ಫ್ಯಾನು ಕಾರ್ಖಾನೆಗೆ ಸೇರಿದ ದಿನ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ನೆಲದ ಮೇಲೆ ಮಲಗಿರೋರಿಗೆ ಗಾಳಿ ಬರತ್ತೇನೋ ಅದ್ರಲ್ಲಿ?" ನಮ್ಮ ಮನೆಯಲ್ಲಿ ಎಲ್ಲರೂ ಮಲಗುತ್ತಿದ್ದದ್ದು ಚಾಪೆಯ ಮೇಲೆ. ಅಂದಿನಿಂದ ನಾನು ಪ್ರತಿಯೊಂದು ಫ್ಯಾನಿನ ತಲೆಯನ್ನೂ ಚಾಪೆಯ ಕಡೆಗೆ ಬಗ್ಗಿಸಿಯೇ ಪರೀಕ್ಷಿಸುತ್ತಿದ್ದೆ. ಲೋಕವೆಲ್ಲ ಹಾಗೆಯೇ ಮಾಡುತ್ತದೆಂದು ತಿಳಿದಿದ್ದರಿಂದ ಚೀಟಿಯಲ್ಲಿ ಅದನ್ನು ಬರೆಯಬೇಕೆಂದು ತೋಚಿರಲಿಲ್ಲ. ನೆಟ್ಟಗಿದ್ದಾಗ ಕಾಳು ಹಿಂದಿನ ಮೂಲೆಯಲ್ಲಿ ಧ್ಯಾನಸ್ಥವಾಗಿರುತ್ತಿತ್ತು. ಬಗ್ಗಿಸಿದಾಗ ಮುಂದೆ ಉರುಳಿ, ತಿರುಗುವ ಭಾಗಕ್ಕೆ ತಗಲಿ ಮಾತಾಡುತ್ತಿತ್ತು.

ಕಾರಣ ತಿಳಿದರೆ ಸಂತೋಷವಾಗಬೇಕು. ನನಗೆ ಆಗಲಿಲ್ಲ. ಮಾಗಡಿ ರಸ್ತೆಯ ಧೂಳಿನಲ್ಲಿ ಮನೆಗೆ ನಡೆಯುತ್ತ ಯೋಚಿಸಿದೆ. ಫ್ಯಾನು ಕೆಟ್ಟದ್ದು ಪೂಜೆಯಿಂದ ಎಂದು ಬಾಯಿಬಿಟ್ಟರೆ ಕೆಲಸವೇನೋ ಉಳಿದೀತು. ಆದರೆ ಪೂಜೆ ನಿಂತೀತು, ಗುರುಸಿದ್ದಪ್ಪನವರ ತಲೆ ತಗ್ಗೀತು, ಕೋಸಂಬರಿಯ ಕೊಲೆಗಾರನೆಂದು ನನ್ನ ಹೆಸರು ಶಾಶ್ವತವಾದೀತು. ಸುಮ್ಮನಿದ್ದರೆ ನನ್ನ ಕಿವಿ ಸುಳ್ಳಾಗುತ್ತಿತ್ತು. ಕೊನೆಗೆ, ಪರೀಕ್ಷಕನ ಕೆಲಸ ಸದ್ದನ್ನು ಹೇಳುವುದು, ಯಾರ ಸದ್ದೆಂದು ಹೇಳುವುದಲ್ಲ ಎಂಬ ತತ್ತ್ವವನ್ನು ಕಂಡುಕೊಂಡೆ. ಅದು ತತ್ತ್ವವೋ ಪುಕ್ಕಲುತನವೋ ಎಂದು ಇವತ್ತಿಗೂ ನಿಶ್ಚಯವಾಗಿಲ್ಲ.

ಶನಿವಾರ ಗುರುಸಿದ್ದಪ್ಪನವರು ಫ್ಯಾನನ್ನು ನೆಟ್ಟಗೆ ನಿಲ್ಲಿಸಿ ಹಾಕಿದರು. ಸದ್ದಿಲ್ಲ. ಕೆಂಪಣ್ಣ ಸೂರಿನ ಕಡೆ ನೋಡಿದ, ಹಲ್ಲಿಯನ್ನು ಹುಡುಕುವವನಂತೆ. ಮ್ಯಾನೇಜರು ನನ್ನ ಕಡೆ ನೋಡಿದರು.

"ಸ್ವಲ್ಪ ಬಗ್ಗಿಸಿ ಹಾಕಬಹುದಾ ಸಾರ್?" ಎಂದೆ.

"ಯಾಕ್ ಬಗ್ಗಸ್ಬೇಕು?" ಎಂದರು ಗುರುಸಿದ್ದಪ್ಪನವರು. "ಅದೇನ್ ತಪ್ಪು ಮಾಡೇತಂತ ತಲಿ ತಗ್ಗಸ್ಬೇಕು?"

"ನಮ್ಮನೇಲಿ ನೆಲದ ಮೇಲೆ ಮಲಗ್ತೀವಿ ಸಾರ್. ಗಾಳಿ ಅಲ್ಲಿಗೆ ಬರಬೇಕು."

ಆ ಸೂರಿನ ಕೆಳಗೆ ನಿಂತವರಲ್ಲಿ ಮನೆಯಲ್ಲಿ ಮಂಚದ ಮೇಲೆ ಮಲಗುತ್ತಿದ್ದವರು ಮ್ಯಾನೇಜರೊಬ್ಬರೇ ಇದ್ದಿರಬೇಕು. ಕೆಂಪಣ್ಣ ಮೆಲ್ಲಗೆ, "ದಿಟವೇ ಬುದ್ದಿ, ನೆಟ್ಟಗಿಟ್ರೆ ಗಾಳಿ ಗೋಡೆಗೆ ಹೊಡೀತದೆ" ಎಂದು ತಿರುಪು ಸಡಿಲಿಸಿ ಫ್ಯಾನಿನ ತಲೆ ಬಗ್ಗಿಸಿದ. ಟಿಕ್ ಟಿಕ್ ಟಿಕ್.

ಗುರುಸಿದ್ದಪ್ಪನವರು ಕಿವಿ ಹತ್ತಿರ ತಂದು ಬಹಳ ಹೊತ್ತು ಕೇಳಿದರು. ಆಮೇಲೆ ಯಾರೂ ಹೇಳದೆ ತಾವೇ ಹಿಂದಿನ ಮುಚ್ಚಳ ಬಿಚ್ಚಿ, ಫ್ಯಾನಿನ ಬೆನ್ನನ್ನು ಅಂಗೈ ಮೇಲೆ ವಾಲಿಸಿ ತಟ್ಟಿದರು. ಒಂದು ಹಳದಿ ಅಕ್ಕಿಕಾಳು ಬಿತ್ತು.

"ಏನದು?" ಎಂದರು ಮ್ಯಾನೇಜರು. ಕೇಳಿದ ಮರುಕ್ಷಣವೇ ಅವರಿಗೂ ಗೊತ್ತಾಯಿತು. ಪ್ರತಿ ಶುಕ್ರವಾರ ಮೊದಲ ಹಿಡಿ ಅವರದೇ ಅಲ್ಲವೇ? ಅವರು ಗಡಿಯಾರ ತೆಗೆದು ನೋಡಿ ಒಳಗಿಟ್ಟರು. ಕೆಂಪಣ್ಣ ತನ್ನ ಕೈಗಳನ್ನು ನೋಡಿಕೊಂಡ. ಆ ಕಾಳಿಗೆ ವಾರಸುದಾರರು ಇಡೀ ಕಾರ್ಖಾನೆಯಷ್ಟು ಜನ.

"ಪರಪದಾರ್ಥ ಸಾರ್, ಹೊರಗಿಂದ ಸೇರಿದ್ದು. ಈಗ ಇನ್ನೊಂದು ಸಲ ಪರೀಕ್ಷೆ ಮಾಡಬೇಕು" ಎಂದೆ.

ಮ್ಯಾನೇಜರು ಆಗಲಿ ಎಂದು ತಲೆಯಾಡಿಸಿದರು. ಗುರುಸಿದ್ದಪ್ಪನವರು ಮಾತ್ರ ಕಾಳು ಹಿಡಿದುಕೊಂಡೇ ನಿಂತಿದ್ದರು. ಅಕ್ಷತೆಯಾದ್ದರಿಂದ ಕಾಲಿಗೆ ಸಿಗುವ ಕಡೆ ಬಿಸಾಡುವಂತಿಲ್ಲ, ದೋಷವಾದ್ದರಿಂದ ಇಟ್ಟುಕೊಳ್ಳುವಂತಿಲ್ಲ. ಅತ್ತಿತ್ತ ನೋಡಿ, ಕಣ್ಣಿಗೊತ್ತಿಕೊಂಡು, ಅದನ್ನು ನನ್ನ ತಲೆಯ ಮೇಲೆ ಹಾಕಿದರು. "ಮದಿವಿ ಯಾವಾಗ ತಮ್ಮಾ?" ಎಂದರು.

ನನ್ನ ಕಾಗದಕ್ಕೆ ರುಜು ಬಿತ್ತು, ಪೂಜೆಯೂ ನಿಲ್ಲಲಿಲ್ಲ. ಮುಂದಿನ ಶುಕ್ರವಾರದಿಂದ ಗುರುಸಿದ್ದಪ್ಪನವರು ಫ್ಯಾನುಗಳ ಬೆನ್ನಿಗೆ ಒಂದು ಬಿಳಿಯ ಬಟ್ಟೆ ಹೊದಿಸತೊಡಗಿದರು. ಅದು ರಕ್ಷಣೆಗೆ ಎಂದು ಅವರು ಒಪ್ಪಲೇ ಇಲ್ಲ, ಸನ್ಮಾನಕ್ಕೆ ಎಂದರು. ಸನ್ಮಾನದ ಶಾಲಿಗೆ ಇದಕ್ಕಿಂತ ಉಪಯುಕ್ತವಾದ ಕೆಲಸವನ್ನು ನಾನು ಮುಂದೆಂದೂ ಕಾಣಲಿಲ್ಲ. ಕೆಂಪು ಚೀಟಿಯಲ್ಲಿ ಸದ್ದಿನ ಜೊತೆಗೆ ಫ್ಯಾನು ಹೇಗೆ ನಿಂತಿತ್ತು ಎಂಬುದನ್ನೂ ಬರೆಯುವ ಅಭ್ಯಾಸ ನನಗಾಯಿತು. ಊಟದ ಹೊತ್ತಿನಲ್ಲಿ ನನ್ನ ಪಕ್ಕ ಆಗಾಗ ಕೆಂಪಣ್ಣ ಕೂರುತ್ತಿದ್ದ, ಮುಖ್ಯವಾಗಿ ಹಲ್ಲಿಯ ಕ್ಷೇಮ ವಿಚಾರಿಸುವುದಕ್ಕೆ. ಒಬ್ಬನಿಗೆ ಕೇಳಿಸಿದ್ದು ಇನ್ನೊಬ್ಬನಿಗೆ ಕೇಳಿಸದಿದ್ದರೆ, ಕಿವಿಯನ್ನು ಸಂಶಯಿಸುವ ಮುಂಚೆ ಅವನು ಎಲ್ಲಿ ಮಲಗುತ್ತಾನೆಂದು ವಿಚಾರಿಸುವುದು ಒಳ್ಳೆಯದು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಇದಕ್ಕೆ ಪಿಂಚಣಿ ಬೇರೆ ಬರುತ್ತದೆ.

ಈಗ ನಮ್ಮ ನಡುಮನೆಯ ಫ್ಯಾನಿಗೆ ಬರೋಣ. ಇದನ್ನೆಲ್ಲ ಬರೆಯುತ್ತ ನೆನಪಾಯಿತು: ಸದ್ದು ಶುರುವಾದದ್ದು ಆಯುಧಪೂಜೆಯ ಮರುದಿನದಿಂದ. ಆ ದಿನ ನನ್ನ ಮಡದಿ ಹೊಲಿಗೆ ಯಂತ್ರ, ಈಳಿಗೆಮಣೆಗಳ ಜೊತೆ ಫ್ಯಾನಿಗೂ ಕುಂಕುಮವಿಟ್ಟು ಅಕ್ಷತೆ ಹಾಕಿದ್ದಳು. ಆಕೆ ನನ್ನ ಮಾತನ್ನು ಪರೀಕ್ಷಿಸುವುದು ಕುರ್ಚಿಯ ಮೇಲೆ ಕುಳಿತು, ಫ್ಯಾನನ್ನು ತನ್ನ ಕಡೆಗೆ ನೆಟ್ಟಗೆ ತಿರುಗಿಸಿಕೊಂಡು. ನಾನು ಮಲಗುವುದು ಇವತ್ತಿಗೂ ಚಾಪೆಯ ಮೇಲೆ. ಇಂದು ಮಧ್ಯಾಹ್ನ ಆಕೆಯನ್ನು ಚಾಪೆಯ ಮೇಲೆ ಕೂರಿಸಿ, ಫ್ಯಾನಿನ ತಲೆ ಬಗ್ಗಿಸಿ ಹಾಕಿದೆ. ಆಕೆ ಸ್ವಲ್ಪ ಹೊತ್ತು ಕೇಳಿ, "ಹೌದು ಕಣ್ರೀ" ಎಂದಳು.

ಮುಚ್ಚಳ ಬಿಚ್ಚಿ ತಟ್ಟಿದೆ. ಒಂದು ಕಾಳು ಬಿತ್ತು. ಮತ್ತೆ ಜೋಡಿಸಿ, ನೆಟ್ಟಗೆ ಒಂದು ಸಲ, ಬಗ್ಗಿಸಿ ಒಂದು ಸಲ ಹಾಕಿ ನೋಡಿದೆವು. ಸದ್ದಿಲ್ಲ.